ಜನಕಪುರಿಯ ನೆರಳು

ಊರಿನಿಂದ ದಿಲ್ಲಿಗೆ ಬರುವ ನಂಟರಿಷ್ಟರಿಗೆ ಇಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಬಾಯಿಪಾಠವಾಗಿರುತ್ತದೆ. ಕೆಂಪುಕೋಟೆ, ಕುತುಬ್ ಮಿನಾರು, ರಾಜಘಾಟ್, ಇಂಡಿಯಾ ಗೇಟ್; ಇನ್ನೊಂದು ದಿನ ಬಿಡುವಿದ್ದರೆ ಆಗ್ರಾ. ಜನಕಪುರಿಯನ್ನು ನೋಡಬೇಕೆಂದು ಬಂದವರನ್ನು ನಾನಂತೂ ಕಂಡಿಲ್ಲ. ಜನಕಪುರಿಯಲ್ಲಿ ಇಳಿದುಕೊಂಡು, ಸ್ನಾನ ಮಾಡಿ, ಉಪ್ಪಿಟ್ಟು ತಿಂದು, ಉಳಿದದ್ದನ್ನು ನೋಡಲು ಹೊರಡುತ್ತಾರೆ, ಅಷ್ಟೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದವರು 1970ರ ದಶಕದಲ್ಲಿ ಊರಿನ ಪಶ್ಚಿಮಕ್ಕೆ ಕಟ್ಟಿ ಬೆಳೆಸಿದ ಈ ಬಡಾವಣೆಯಲ್ಲಿ ಗೋಪುರವಿಲ್ಲ, ಗುಮ್ಮಟವಿಲ್ಲ. ಎ, ಬಿ, ಸಿ, ಡಿ ಎಂಬ ಬ್ಲಾಕುಗಳು. ಒಂದೊಂದರ ಹೊಟ್ಟೆಯಲ್ಲಿ ಮತ್ತೆ ಅಂಕಿಗಳು. ಅವುಗಳ ನಡುನಡುವೆ ಬೇಲಿ ಹಾಕಿದ ಹಸಿರು ಉದ್ಯಾನಗಳು. ಭಾನುವಾರ ಬೆಳಗ್ಗೆ ಎಲ್ಲ ದಿಕ್ಕಿನಿಂದಲೂ ಛೋಲೆ ಭಟೂರೆಯ ವಾಸನೆ. ಈ ನಡುವೆ ಅಲ್ಲೊಂದು ಇಲ್ಲೊಂದು ಬಾಗಿಲಿನಲ್ಲಿ ರಂಗೋಲಿ, ಮೇಲೆ ಮಾವಿನ ತೋರಣ ಕಂಡರೆ ಅದು ನಮ್ಮವರ ಮನೆ ಎಂದು ಧೈರ್ಯವಾಗಿ ಕರೆಗಂಟೆ ಒತ್ತಬಹುದು.

ಆದರೆ ಹೆಸರನ್ನು ಗಮನಿಸಬೇಕು. ಜನಕರಾಜನ ಪುರಿ ಇದು. ಜನಕನೆಂದರೆ ನಮಗೆ ಸೀತೆಯ ತಂದೆ, ಶಿವಧನುಸ್ಸಿನ ಒಡೆಯ. ಬೃಹದಾರಣ್ಯಕ ಉಪನಿಷತ್ತಿನ ಜನಕನಾದರೋ ಪ್ರಶ್ನೆ ಕೇಳುವ ಅರಸು. ಮನುಷ್ಯನಿಗೆ ಬೆಳಕು ಯಾವುದು ಎಂದು ಯಾಜ್ಞವಲ್ಕ್ಯರನ್ನು ಕೇಳುತ್ತಾನೆ. ಸೂರ್ಯ ಎಂದು ಉತ್ತರ ಬರುತ್ತದೆ. ಅವನು ಸುಮ್ಮನಾಗುವುದಿಲ್ಲ: ಸೂರ್ಯ ಮುಳುಗಿದ ಮೇಲೆ? ಚಂದ್ರ. ಚಂದ್ರನೂ ಮುಳುಗಿದರೆ? ಬೆಂಕಿ. ಅದೂ ಆರಿದರೆ? ಹೀಗೆ ಉತ್ತರ ಸಿಕ್ಕಷ್ಟೂ ಪ್ರಶ್ನೆ ಮುಂದಕ್ಕೆ ಹೋಗುತ್ತದೆ. ಇಂಥವನ ಹೆಸರು ಹೊತ್ತ ಬಡಾವಣೆಯಲ್ಲಿ ಮಕ್ಕಳು ವಿಜ್ಞಾನವನ್ನು ಹೇಗೆ ಕಲಿಯುತ್ತಾರೆಂಬುದು ವಿಚಾರಮಾಡತಕ್ಕ ವಿಷಯವೇ ಸರಿ. ನಾನು ಬಿ.ಎ. ಓದಿದ ಗುಮಾಸ್ತೆ, ಇತಿಹಾಸ ಮತ್ತು ಅರ್ಥಶಾಸ್ತ್ರ ನನ್ನ ವಿಷಯಗಳು. ವಿಜ್ಞಾನದ ಮಾತಾಡಲು ನನಗೆ ಅಧಿಕಾರವಿಲ್ಲ. ಏಳನೆಯ ತರಗತಿಯ ಮಗಳೊಬ್ಬಳು ಮನೆಯಲ್ಲಿದ್ದಾಳೆ ಎಂಬುದೇ ನನಗಿರುವ ಯೋಗ್ಯತೆ.

ಇಲ್ಲಿನ ಮಾರುಕಟ್ಟೆಯ ಪುಸ್ತಕದಂಗಡಿಗಳಲ್ಲಿ ಶಾಲೆಯ ಪ್ರದರ್ಶನಗಳ ಕಾಲ ಬಂತೆಂದರೆ ಒಂದು ಹೊಸ ವ್ಯಾಪಾರ ಕಣ್ಣು ಬಿಡುತ್ತದೆ. ಥರ್ಮೊಕೋಲಿನ ಗುಂಡುಗಳಿಗೆ ಬಣ್ಣ ಬಳಿದ ಸೌರಮಂಡಲ, ಸೋಡಾ ಮತ್ತು ವಿನಿಗರ್ ಹುಯ್ದರೆ ಉಕ್ಕುವ ಜ್ವಾಲಾಮುಖಿ, ಗುಂಡಿ ಒತ್ತಿದರೆ ತಿರುಗುವ ಗಾಳಿಗಿರಣಿ, ಕೆಂಪು ನೀಲಿ ಬಳಿದ ಹೃದಯ, ತಿರುಚಿದ ಏಣಿಯಂಥ ಡಿ.ಎನ್.ಎ. — ಎಲ್ಲವೂ ಸಿದ್ಧ. ಹೆಸರಿನ ಚೀಟಿ ಅಂಟಿಸುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿರುತ್ತಾರೆ. ರಾತ್ರಿ ಎಂಟು ಗಂಟೆಗೆ ಕಚೇರಿಯಿಂದ ದಣಿದು ಬಂದ ತಂದೆತಾಯಿಗಳು ಮಗುವಿನ ಕೈ ಹಿಡಿದು ಅಂಗಡಿಗೆ ಓಡುತ್ತಾರೆ. ಬೆಳಗ್ಗೆ ಏಳಕ್ಕೆ ಸೌರಮಂಡಲ ಶಾಲೆಯ ಬಸ್ಸು ಹತ್ತುತ್ತದೆ. ಯಾರನ್ನು ದೂರೋಣ? ಅಂಗಡಿಯವನಿಗೆ ಹೊಟ್ಟೆಪಾಡು, ತಂದೆತಾಯಿಗಳಿಗೆ ಹೊತ್ತಿಲ್ಲ, ಮಗುವಿಗೆ ಮಾರ್ಕು ಬೇಕು. ಈ ಗಲಾಟೆಯಲ್ಲಿ ಕೊಂಡದ್ದು ಸೌರಮಂಡಲವನ್ನೇ ಹೊರತು ಅದರ ಬಗೆಗಿನ ಒಂದು ಸಂಶಯವನ್ನೂ ಅಲ್ಲ.

ನಮ್ಮ ಬ್ಲಾಕಿನ ಹಿಂದಿನ ಸಾಲಿನಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ತುಮಕೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಈಗ ಮಗನ ಮನೆಯಲ್ಲಿ ವಾಸ. ದಿಲ್ಲಿಗೆ ಬರುವಾಗ ಎಲ್ಲರೂ ಉಪ್ಪಿನಕಾಯಿ ಜಾಡಿ ತಂದರೆ ಇವರು ಒಂದು ತಗಡಿನ ಟ್ರಂಕು ತಂದರು. ಅದರಲ್ಲಿ ಹಳೆಯ ಪಂಚೆಗಳ ನಡುವೆ ಸುತ್ತಿಟ್ಟ ಪ್ರನಾಳಗಳು, ಎರಡು ಬೀಕರು, ಗೆರೆ ಹಾಕಿದ ಅಳತೆಯ ಜಾಡಿ, ಆಲಿಕೆ, ಮದ್ಯಸಾರದ ದೀಪ, ಇಕ್ಕಳ, ಭೂತಗನ್ನಡಿ, ಲಾಳಾಕಾರದ ಅಯಸ್ಕಾಂತ, ದಿಕ್ಸೂಚಿ, ಗಾಜಿನ ಪಟ್ಟಕ, ಶ್ರುತಿ ಕವೆ, ಹಿತ್ತಾಳೆಯ ತೂಕದ ಕಲ್ಲುಗಳ ಒಂದು ಮರದ ಪೆಟ್ಟಿಗೆ. ಭಾನುವಾರ ಸಂಜೆ ಬಾಲ್ಕನಿಯಲ್ಲಿ ಜಮಖಾನ ಹಾಸಿ ಟ್ರಂಕು ತೆರೆದರೆಂದರೆ ಆ ಸಾಲಿನ ಮಕ್ಕಳೆಲ್ಲ ಹಾಜರು. ಕನ್ನಡದವರು, ಪಂಜಾಬಿನವರು ಎಂಬ ಭೇದವಿಲ್ಲ. ಎಲ್ಲರಿಗೂ ಅವರು 'ತಾತ'.

ಅವರು ಮೊದಲು ಕಲಿಸುವುದು ಸೂತ್ರವನ್ನಲ್ಲ, ಮರ್ಯಾದೆಯನ್ನು. ಪ್ರನಾಳವನ್ನು ಕಾಯಿಸುವಾಗ ಅದರ ಬಾಯಿ ನಿನ್ನ ಕಡೆಗೂ ಇರಕೂಡದು, ಪಕ್ಕದವನ ಕಡೆಗೂ ಇರಕೂಡದು. ಮದ್ಯಸಾರದ ದೀಪವನ್ನು ಊದಿ ಆರಿಸಬಾರದು. ಮುಚ್ಚಳ ಮುಚ್ಚಿದರೆ ಗಾಳಿ ಸಿಗದೆ ತಾನೇ ಆರುತ್ತದೆ. ತೂಕದ ಕಲ್ಲನ್ನು ಬೆರಳಿನಲ್ಲಿ ಹಿಡಿಯಬಾರದು, ಚಿಮಟದಲ್ಲಿ ಎತ್ತಬೇಕು; ಬೆರಳಿನ ಜಿಡ್ಡೂ ಬೆವರೂ ತೂಕವೇ. ಅಳತೆಯ ಜಾಡಿಯಲ್ಲಿ ನೀರು ಗಾಜಿನ ಅಂಚಿಗೆ ಏರಿ ನಡುವೆ ತಗ್ಗಾಗಿ ನಿಲ್ಲುತ್ತದೆ. ಕಣ್ಣನ್ನು ಆ ತಗ್ಗಿನ ಮಟ್ಟಕ್ಕೆ ಇಳಿಸಿ ಓದಬೇಕು. ಪಾದರಸವಾದರೆ ನಡುವೆ ಉಬ್ಬುತ್ತದೆ. ಆಗ ಉಬ್ಬಿನ ತುದಿಯನ್ನು ಓದಬೇಕು. ನಿಂತುಕೊಂಡು ಮೇಲಿನಿಂದ ನೋಡಿದವನಿಗೆ ಜಾಡಿ ಒಂದು ಅಂಕಿ ಹೇಳುತ್ತದೆ, ಬಗ್ಗಿ ನೋಡಿದವನಿಗೆ ಇನ್ನೊಂದು. "ಬಗ್ಗಿದೋನಿಗೆ ನಿಜ ಹೇಳುತ್ತೆ ಕಣಪ್ಪ," ಎನ್ನುತ್ತಾರೆ ಮೇಷ್ಟ್ರು.

ಮಕ್ಕಳು ಶಾಲೆಯಲ್ಲಿ ಇವುಗಳಿಗೆಲ್ಲ ಇಂಗ್ಲಿಷಿನ ಹೆಸರು ಕಲಿಯುತ್ತಾರೆ. ಹಿಂದಿಯ ಪುಸ್ತಕದಲ್ಲಿ ಪ್ರನಾಳ 'ಪರಖನಲಿ'ಯಾಗುತ್ತದೆ. ಮೇಷ್ಟ್ರ ಬಾಲ್ಕನಿಯಲ್ಲಿ ಮೂರೂ ಹೆಸರು ಜೊತೆಗಿರುತ್ತವೆ. ಕನ್ನಡದಲ್ಲಿ ವಿಜ್ಞಾನ ಹೇಳುವ ಹಂಬಲ ಹೊಸದಲ್ಲವೆಂದು ಅವರು ಜ್ಞಾಪಿಸುವುದುಂಟು: ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಬೆಳ್ಳಾವೆ ನಮ್ಮ ತುಮಕೂರಿನ ಪಕ್ಕದ ಊರು. ಇದನ್ನು ಹೇಳುವಾಗ ಮೇಷ್ಟ್ರ ಮುಖದಲ್ಲಿ ಸ್ವಂತ ಹೊಲದ ರಾಗಿಯನ್ನು ತೋರಿಸುವವನ ಕಳೆ ಇರುತ್ತದೆ.

ಒಮ್ಮೆ ನಾನು, "ಮೇಷ್ಟ್ರೇ, ಅಂಗಡಿಯ ಮಾದರಿಗಳನ್ನು ಕಂಡರೆ ನಿಮಗೇಕೆ ಅಷ್ಟು ಕೋಪ?" ಎಂದು ಕೇಳಿದೆ. ಅವರು ನಕ್ಕು, "ಮಾದರಿಯ ಮೇಲೆ ಕೋಪ ಇಲ್ಲಪ್ಪ. ಉಪಕರಣ ಅನ್ನೋದು ನಮಗೆ ಗೊತ್ತಿಲ್ಲದ್ದನ್ನ ಹೇಳುತ್ತೆ. ಮಾದರಿ ನಮಗೆ ಗೊತ್ತಾದದ್ದನ್ನ ಹಿಡಿದು ತೋರಿಸುತ್ತೆ. ಮಗುವಿಗೆ ಇನ್ನೂ ಏನೂ ಗೊತ್ತಾಗದೆ ಇರುವಾಗ್ಲೇ ಮಾದರಿ ಕೊಂಡುಕೊಟ್ಟರೆ ಅದು ಯಾರ ತಿಳಿವಳಿಕೆ?" ಎಂದರು.

ಮಾದರಿಗಳು ದೊಡ್ಡವರ ಕೈಯಲ್ಲಿಯೂ ಬೊಂಬೆಯಾಟದಂತೆಯೇ ಕಾಣುತ್ತವೆ. 1865ರಲ್ಲಿ ಹೋಫ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಲಂಡನ್ನಿನ ಸಭೆಯೊಂದರಲ್ಲಿ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಚುಚ್ಚಿ ಅಣುಗಳನ್ನು ತೋರಿಸಿದರು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು ಎಂಬ ಆ ಬಣ್ಣಗಳೇ ಇಂದಿಗೂ ಶಾಲೆಯ ಪೆಟ್ಟಿಗೆಗಳಲ್ಲಿ ಉಳಿದಿವೆ. ನಮ್ಮ ದೇಶದಲ್ಲಿಯೇ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ ಕೈಯಿಂದ ಮಾಡಿ ಕಲಿಯುವ ವಿಜ್ಞಾನಪಾಠ ಪ್ರಾರಂಭವಾಯಿತು. ಮುಂದೆ ಆ ಕೆಲಸಕ್ಕೆ ಸೇರಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್‌ಟ್ಯೂಬಿನ ತುಂಡುಗಳಿಂದಲೇ ನೂರಾರು ಆಕಾರಗಳನ್ನು ಕಟ್ಟಿ ತೋರಿಸಿದರು. ಮೇಷ್ಟ್ರು ಇದನ್ನು ಮಕ್ಕಳಿಂದ ಮಾಡಿಸುತ್ತಾರೆ. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ವಾಲಿಬೀಳುತ್ತದೆ. ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಇದನ್ನು ಬೆರಳಿನಲ್ಲಿ ಒತ್ತಿ ನೋಡಿದ ಮಗು ಮರುದಿನ ವಿದ್ಯುತ್ತಿನ ಕಂಬದ ಗೋಪುರವನ್ನೂ ಯಮುನೆಯ ಹಳೆಯ ಕಬ್ಬಿಣದ ಸೇತುವೆಯನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ. ಕೈಯಿಂದ ಒತ್ತಿನೋಡಿದ ಮಾದರಿಯೂ ಹೀಗೆ ಉಪಕರಣವಾಗಿಬಿಡುತ್ತದೆ.

ಇಷ್ಟೆಲ್ಲ ಪೀಠಿಕೆ ನನ್ನ ಮಗಳ ಕಥೆಗೆ. 2024ರ ದಸರಾ ರಜೆಯ ಹೊತ್ತಿಗೆ ಅವಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನದ ಪ್ರಕಟಣೆಯಾಯಿತು. ಗೆಳತಿಯರಲ್ಲಿ ಮೂವರು ಜ್ವಾಲಾಮುಖಿಯನ್ನು ಆಗಲೇ ಗೊತ್ತುಮಾಡಿದ್ದರು. "ರೀ, ನಾವೂ ಒಂದು ತಂದುಬಿಡೋಣ, ಮಾರ್ಕು ಯಾಕೆ ಕಳಕೋಬೇಕು?" ಎಂದು ಮನೆಯಾಕೆಯ ಅಭಿಪ್ರಾಯ. ಮಗಳು ಮಾತ್ರ, "ತಾತ ನೆರಳಿನ ಗಡಿಯಾರ ಮಾಡು ಅಂದ್ರು. ಅಪ್ಪ, ಜಂತರ್ ಮಂತರ್‌ಗೆ ಹೋಗೋಣ," ಎಂದಳು.

ಜನಕಪುರಿಯವರಿಗೆ ಇದೊಂದು ಸೌಕರ್ಯ. 2005ರ ಡಿಸೆಂಬರ್ 31ರಂದು ಪ್ರಾರಂಭವಾದ ಮೆಟ್ರೋದ ನೀಲಿ ಮಾರ್ಗ ನಮ್ಮ ತಲೆಯ ಮೇಲೆಯೇ ಹಾದು ಊರೊಳಕ್ಕೆ ಹೋಗುತ್ತದೆ. ಜನಕಪುರಿ ಪಶ್ಚಿಮದಲ್ಲಿ ಹತ್ತಿದರೆ ತಿಲಕ್ ನಗರ, ರಾಜೌರಿ ಗಾರ್ಡನ್, ಪಟೇಲ್ ನಗರ, ಕರೋಲ್ ಬಾಗ್ ಕಳೆದು ರಾಜೀವ್ ಚೌಕ. ಅಲ್ಲಿಂದ ಸಂಸದ್ ಮಾರ್ಗದಲ್ಲಿ ಸ್ವಲ್ಪ ನಡೆದರೆ ಜಂತರ್ ಮಂತರ್. ಮಾರ್ಗವನ್ನು ಬದಲಿಸದೆ ಇನ್ನೂ ಮುಂದೆ ಸುಪ್ರೀಂ ಕೋರ್ಟ್ ನಿಲ್ದಾಣದಲ್ಲಿ ಇಳಿದರೆ, 1992ರಲ್ಲಿ ತೆರೆದ ರಾಷ್ಟ್ರೀಯ ವಿಜ್ಞಾನ ಕೇಂದ್ರ ನಡೆಯುವ ದೂರ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1965ರಲ್ಲಿ ಜನರಿಗೆ ತೆರೆದ ನಮ್ಮ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಒಡಹುಟ್ಟಿದ್ದು ಅದು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡಿರೆಂದು ಕರೆಯುವ ಜಾಗ. ಆ ದಿನ ಮಾತ್ರ ನಾವು ರಾಜೀವ್ ಚೌಕದಲ್ಲಿಯೇ ಇಳಿದೆವು.

ಜಯಪುರದ ಸವಾಯಿ ಜಯಸಿಂಹನು ದಿಲ್ಲಿಯ ಈ ವೇಧಶಾಲೆಯನ್ನು 1724ರಲ್ಲಿ ಕಟ್ಟಿಸಿದನೆಂದು ನಾವು ಇತಿಹಾಸದಲ್ಲಿ ಓದಿದ್ದೆವು. ಏಕೆ ಕಲ್ಲುಗಾರೆಯಲ್ಲಿ ಕಟ್ಟಿಸಿದನೆಂಬುದು ಅಲ್ಲಿ ನಿಂತರೆ ತಿಳಿಯುತ್ತದೆ. ಹಿತ್ತಾಳೆಯ ಯಂತ್ರಗಳು ಚಿಕ್ಕವು. ಅವುಗಳ ಮೇಲೆ ಸೂಕ್ಷ್ಮವಾದ ಗೆರೆ ಹಾಕಲು ಜಾಗವಿಲ್ಲ. ಅಚ್ಚು ಸವೆದು ಅಲುಗಾಡುತ್ತದೆ. ಆದ್ದರಿಂದ ಅವನು ಉಪಕರಣವನ್ನು ಕಟ್ಟಡವನ್ನಾಗಿ ಮಾಡಿದ. ಸಮ್ರಾಟ್ ಯಂತ್ರವೆಂಬುದು ಸುಮಾರು 70 ಅಡಿ ಎತ್ತರದ ಒಂದು ತ್ರಿಕೋನದ ಗೋಡೆ. ಅದರ ಇಳಿಜಾರು ನೆಲಕ್ಕೆ 28 ಡಿಗ್ರಿ 37 ಮಿನಿಟಿನ ಕೋನದಲ್ಲಿದೆ. ದಿಲ್ಲಿಯ ಅಕ್ಷಾಂಶವೂ ಅದೇ. ಹೀಗಾಗಿ ಇಳಿಜಾರಿನ ಅಂಚು ನೇರವಾಗಿ ಧ್ರುವದತ್ತ ಬೆರಳು ಮಾಡುತ್ತದೆ. ಎರಡು ಕಡೆಗೆ ರೆಕ್ಕೆ ಬಿಚ್ಚಿದಂತಿರುವ ಕಮಾನುಗಳ ಮೇಲೆ ಗೋಡೆಯ ನೆರಳು ನಿಮಿಷಕ್ಕೆ ಎರಡು ಅಂಗುಲಕ್ಕೂ ಹೆಚ್ಚು ಜರುಗುತ್ತದೆ. ಈಗ ಸುತ್ತ ಎತ್ತರದ ಕಟ್ಟಡಗಳೆದ್ದಿವೆ, ಗೆರೆಗಳು ಮಾಸಿವೆ. ಆದರೂ ನೆರಳು ಕಣ್ಣಿಗೆ ಕಾಣುವಂತೆ ನಡೆಯುವುದನ್ನು ಮಗಳು ಅರ್ಧ ಗಂಟೆ ಬಿಸಿಲಿನಲ್ಲಿ ನಿಂತು ನೋಡಿದಳು. ಕಾಲವನ್ನು ಅಳೆಯುವ ಉಪಕರಣ ಅದು. ಆಕಾಶದ ಓಟವನ್ನು ನೆಲದ ಮೇಲೆ ತೋರಿಸುವ ಮಾದರಿಯೂ ಹೌದು.

ಮುಂದಿನ ವಾರ ತಿಲಕ್ ನಗರದ ಅಂಗಡಿಯಿಂದ 6 ಇಂಚು ಅಗಲದ ಪಿ.ವಿ.ಸಿ. ಕೊಳವೆಯ ಒಂದು ತುಂಡು ತಂದು ಉದ್ದುದ್ದಕ್ಕೆ ಎರಡು ಸೀಳು ಮಾಡಿಸಿದೆವು. ಒಂದು ಸೀಳಿನ ಎರಡು ತುದಿಗೂ ರಟ್ಟು ಅಂಟಿಸಿ, ಕೊಳವೆಯ ನಡುಗೆರೆ ಎಲ್ಲಿರಬೇಕೋ ಅಲ್ಲಿ ಉಣ್ಣೆ ಹೆಣೆಯುವ ಕಡ್ಡಿಯೊಂದನ್ನು ತೂರಿಸಿದ್ದಾಯಿತು. ಕೋನಮಾಪಕ ಇಟ್ಟು ಕೊಳವೆಯನ್ನು ಇಪ್ಪತ್ತೆಂಟೂವರೆ ಡಿಗ್ರಿಗೆ ಓರೆ ಮಾಡಿದೆವು. ಕಡ್ಡಿಯ ನೆರಳು ಕೊಳವೆಯ ಒಳಮೈಯಲ್ಲಿ ಗಂಟೆಗೆ ಸುಮಾರು 2 ಸೆಂಟಿಮೀಟರು, ಅಂದರೆ ಒಂದು ಮಿಲಿಮೀಟರಿಗೆ ಮೂರು ನಿಮಿಷದಂತೆ ಜರುಗುತ್ತದೆ. ಉತ್ತರ ದಿಕ್ಕನ್ನು ಕಂಡುಹಿಡಿಯಲು ಮೇಷ್ಟ್ರು ಶುಲ್ಬಸೂತ್ರದ ಕಾಲದ ಉಪಾಯವನ್ನೇ ಹೇಳಿದರು: ತಾರಸಿಯ ಮೇಲೆ ಒಂದು ಕೋಲು ನೆಟ್ಟು ಅದರ ಸುತ್ತ ವೃತ್ತ ಎಳೆ, ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗ ಒಂದು, ಮಧ್ಯಾಹ್ನ ಮತ್ತೆ ಮುಟ್ಟುವ ಜಾಗ ಇನ್ನೊಂದು, ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮ. ಅದಕ್ಕೆ ಅಡ್ಡಗೆರೆ ಎಳೆದರೆ ಉತ್ತರ.

ದೀಪಾವಳಿಯ ಮರುದಿನಗಳಲ್ಲಿ, ನವೆಂಬರ್ 3ರ ಭಾನುವಾರ, ನೆರಳಿನ ಗಡಿಯಾರ ಕೈಗಡಿಯಾರಕ್ಕಿಂತ ಐದೇ ನಿಮಿಷ ಹಿಂದೆ ಇತ್ತು. ಮನೆಯಲ್ಲಿ ಪಾಯಸವಾಯಿತು. ಅಷ್ಟರಲ್ಲಿ ದಿಲ್ಲಿಯ ಹೊಗೆ ಇಳಿಯಿತು. ಆ ತಿಂಗಳ ನಡುವೆ ಶಾಲೆಗಳನ್ನೇ ಕೆಲವು ದಿನ ಮುಚ್ಚಿ ಪಾಠಗಳನ್ನು ಮನೆಯಿಂದ ನಡೆಸಿದ್ದು ಎಲ್ಲರಿಗೂ ನೆನಪಿರಬಹುದು. ಪ್ರದರ್ಶನ ಮುಂದಕ್ಕೆ ಹೋಯಿತು. ಸೂರ್ಯ ಹಳೆಯ ನಾಲ್ಕಾಣೆಯಂತೆ ಮಂಕಾಗಿ ತೇಲುತ್ತಿದ್ದ. ಕಡ್ಡಿಗೆ ನೆರಳೇ ಬೀಳುತ್ತಿರಲಿಲ್ಲ. ನೆರಳು ಬಿದ್ದ ದಿನ ಮಗಳು ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಡಿಸೆಂಬರ್ ಮೊದಲಲ್ಲಿ ಗಡಿಯಾರ ಹತ್ತು ಹನ್ನೆರಡು ನಿಮಿಷ ಹಿಂದೆ, ಕ್ರಿಸ್‌ಮಸ್ ಹೊತ್ತಿಗೆ ಇಪ್ಪತ್ತೊಂದು, ಸಂಕ್ರಾಂತಿಗೆ ಮೂವತ್ತು. ಕಡ್ಡಿ ಅಲುಗಿರಬಹುದೆಂದು ಎರಡು ಸಲ ಬಿಚ್ಚಿ ಕಟ್ಟಿದಳು. ಅಂಕಿ ಬದಲಾಗಲಿಲ್ಲ.

ಗಣರಾಜ್ಯೋತ್ಸವ ಕಳೆದ ವಾರದಲ್ಲಿ ಪ್ರದರ್ಶನ ನಡೆಯಿತು. ಪರೀಕ್ಷಕರಾಗಿ ಬಂದಿದ್ದ ಮಹನೀಯರೊಬ್ಬರು ಕೊಳವೆಯನ್ನು ನೋಡಿದರು, ತಮ್ಮ ಕೈಗಡಿಯಾರವನ್ನು ನೋಡಿದರು, ಮೂವತ್ತೈದು ನಿಮಿಷ ತಪ್ಪು ತೋರಿಸುತ್ತದೆ, ಇದು ಕೆಲಸಮಾಡುವ ಮಾದರಿಯಲ್ಲ ಎಂದು ಬರೆದು ಮುಂದಕ್ಕೆ ಹೋದರು. ಬಹುಮಾನ ಜ್ವಾಲಾಮುಖಿಗೆ ಬಂದಿತು. ಮಗಳು ಮನೆಗೆ ಬಂದು ಅಳಲಿಲ್ಲ, ಅತ್ತಿದ್ದರೆ ವಾಸಿಯಾಗಿತ್ತು. "ನನಗೆ ಸೈನ್ಸ್ ಬೇಡಪ್ಪ. ಸರಿಯಾಗಿ ಅಳೆದು ಬರೆದರೂ ತಪ್ಪು ಅಂತಾರೆ. ಬಾಯಿಪಾಠ ಮಾಡಿ ಬರೆದರೆ ಫುಲ್ ಮಾರ್ಕ್ಸ್ ಕೊಡ್ತಾರೆ," ಎಂದು ನೋಟುಬುಕ್ಕನ್ನು ಕಪಾಟಿನ ಮೇಲೆ ಎಸೆದಳು. ಹನ್ನೆರಡು ವರ್ಷದ ಹುಡುಗಿಯ ಬಾಯಿಂದ ಆ ಮಾತು ಕೇಳಿ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಮೇಷ್ಟ್ರು ಸಂಗತಿ ಕೇಳಿ ಮರುದಿನ ಸಂಜೆ ಒಂದು ಕಿತ್ತಳೆಹಣ್ಣು ಹಿಡಿದು ಮನೆಗೆ ಬಂದರು. ದೀಪವನ್ನು ಸೂರ್ಯನೆಂದರು, ಹಣ್ಣನ್ನು ಭೂಮಿಯೆಂದರು. ಅದರ ಮೇಲೆ ಎರಡು ಲವಂಗ ಚುಚ್ಚಿದರು. "ಇದು ಮಿರ್ಜಾಪುರ, 82 ಡಿಗ್ರಿ 30 ಮಿನಿಟ್. ಭಾರತಕ್ಕೆಲ್ಲ ಇಲ್ಲಿನ ಹೊತ್ತು. ಇದು ನಮ್ಮ ಜನಕಪುರಿ, 77 ಡಿಗ್ರಿ ಚಿಲ್ಲರೆ. ಹಣ್ಣು ತಿರುಗಿಸು ನೋಡೋಣ. ಸೂರ್ಯ ಯಾರಿಗೆ ಮೊದಲು ನೆತ್ತಿಗೆ ಬರ್ತಾನೆ?" ಒಂದು ಡಿಗ್ರಿಗೆ ನಾಲ್ಕು ನಿಮಿಷ, ಐದೂ ಚಿಲ್ಲರೆ ಡಿಗ್ರಿಗೆ ಇಪ್ಪತ್ತೊಂದೂವರೆ ನಿಮಿಷ. ನಮ್ಮ ಸೂರ್ಯ ವರ್ಷವಿಡೀ ಅಷ್ಟು ತಡ. ಉಳಿದ ಹೆಚ್ಚುಕಡಿಮೆಗೆ ಬೇರೆ ಕಾರಣ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ವೃತ್ತವಲ್ಲ. ಜನವರಿಯ ಆದಿಯಲ್ಲಿ ಸೂರ್ಯನಿಗೆ ಸಮೀಪವಾಗಿ ಬೇಗ ಓಡುತ್ತದೆ, ಜುಲೈಯಲ್ಲಿ ದೂರವಾಗಿ ನಿಧಾನಿಸುತ್ತದೆ. ಅದರ ಅಚ್ಚು ಬೇರೆ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ. ಎರಡೂ ಸೇರಿ ಸೂರ್ಯನು ನವೆಂಬರ್ ಮೊದಲಲ್ಲಿ ಹದಿನಾರು ನಿಮಿಷ ಮುಂದಾಗುತ್ತಾನೆ, ಫೆಬ್ರವರಿ 11ರ ಸುಮಾರಿಗೆ ಹದಿನಾಲ್ಕು ನಿಮಿಷ ಹಿಂದಾಗುತ್ತಾನೆ. ಇಪ್ಪತ್ತೊಂದೂವರೆಯಿಂದ ಹದಿನಾರು ಕಳೆದರೆ ಐದು. ಹದಿನಾಲ್ಕು ಕೂಡಿದರೆ ಮೂವತ್ತೈದು ಮೂವತ್ತಾರು. ಮಗಳು ಕಪಾಟಿನ ಮೇಲಿಂದ ನೋಟುಬುಕ್ಕನ್ನು ತಾನೇ ಇಳಿಸಿ ಧೂಳು ಒರೆಸಿದಳು. ಅವಳ ಅಂಕಿಗಳು ಅಲ್ಲಿಯೇ ಕುಳಿತಿದ್ದವು.

ಆ ಸಂಜೆ ನನಗೊಂದು ವಿಷಯ ಹೊಳೆಯಿತು. ಕೊಳವೆಯೆಂಬ ಉಪಕರಣ ಪ್ರಶ್ನೆ ಎತ್ತಿತ್ತು. ಕಿತ್ತಳೆಹಣ್ಣೆಂಬ ಮಾದರಿ ಉತ್ತರ ಕೊಟ್ಟಿತು. ಮೂರು ತಿಂಗಳ ಅಳತೆಯಿಲ್ಲದೆ ಬರೀ ಹಣ್ಣು ತೋರಿಸಿದ್ದರೆ ಅದು ಮತ್ತೊಂದು ಪಾಠ. ಹಣ್ಣಿಲ್ಲದೆ ಬರೀ ಅಳತೆಯಾಗಿದ್ದರೆ ಅದೊಂದು ಮನೋವ್ಯಥೆ.

ಕಚೇರಿಗೆ ಹೋಗುವ ದಾರಿಯಲ್ಲಿ ಈಗ ನನಗೂ ನಗು ಬರುತ್ತದೆ. ನೀಲಿ ಮಾರ್ಗದಲ್ಲಿ ಪಟೇಲ್ ನಗರ ಬಂದಾಗ ಅದರ ದಕ್ಷಿಣಕ್ಕೆ ಪೂಸಾದಲ್ಲಿ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವಿದೆ. 1950ರ ಜನವರಿಯಲ್ಲಿ ಸರ್ದಾರ್ ಪಟೇಲರು ಅದನ್ನು ಉದ್ಘಾಟಿಸಿದರು, ಕೆ. ಎಸ್. ಕೃಷ್ಣನ್ ಮೊದಲ ನಿರ್ದೇಶಕರು. ಭಾರತದ ಕಿಲೋಗ್ರಾಮು, 57ನೆಯ ಸಂಖ್ಯೆಯ ಪ್ಲಾಟಿನಮ್ ಇರಿಡಿಯಮ್ ಗುಂಡು, ಅಲ್ಲಿದೆ. ಮೇಷ್ಟ್ರ ಹಿತ್ತಾಳೆಯ ಕಲ್ಲುಗಳ ವಂಶವೃಕ್ಷ ಹುಡುಕಿದರೆ ಅಂಥ ಗುಂಡಿನ ಬಳಿಗೇ ಹೋಗಬೇಕು. 2019ರ ಮೇ 20ರಿಂದ ಲೋಕದ ಕಿಲೋಗ್ರಾಮಿಗೆ ಲೋಹದ ಗುಂಡಿನ ಆಸರೆ ತಪ್ಪಿ, ಪ್ಲಾಂಕ್ ಸ್ಥಿರಾಂಕವೇ ಆಧಾರವಾಯಿತು. ದೇಶದ ಗಡಿಯಾರವನ್ನು ಅಣುಗಡಿಯಾರಗಳಿಂದ ಕಾಯುವವರೂ ಇವರೇ. ನಮ್ಮ ಕಚೇರಿಯ ಬಾಗಿಲಲ್ಲಿ ಬೆರಳು ಒತ್ತಿಸಿಕೊಳ್ಳುವ ಯಂತ್ರಕ್ಕೆ ಗೊತ್ತಿರುವುದು ಇವರ ಹೊತ್ತು. ಸೂರ್ಯನ ಲೆಕ್ಕದಲ್ಲಿ ನಾನು ಫೆಬ್ರವರಿಯಲ್ಲಿ ದಿನವೂ ಅರ್ಧ ಗಂಟೆಗೂ ಮುಂಚೆಯೇ ಹಾಜರಾಗುತ್ತೇನೆ. ಆ ಯಂತ್ರ ಒಪ್ಪಬೇಕಲ್ಲ!

ಇನ್ನು ಕಥೆಯ ಉತ್ತಮಾಂಶ. ಭೂಪಟದ ಮೇಲೆ ಬೆರಳಾಡಿಸುತ್ತಿದ್ದ ಮಗಳು ಒಂದು ದಿನ, "ಅಪ್ಪ, ತುಮಕೂರೂ 77 ಡಿಗ್ರಿ ಚಿಲ್ಲರೇನೇ! ಜನಕಪುರಿಯ ನೇರ ಕೆಳಗೇ ಇದೆ," ಎಂದು ಕೂಗಿದಳು. ನಿಜ. ಜನಕಪುರಿಯ ರೇಖಾಂಶ 77 ಡಿಗ್ರಿ 5 ಮಿನಿಟು. ತುಮಕೂರಿನದು 77 ಡಿಗ್ರಿ 6. ಸೂರ್ಯ ನಮ್ಮ ತಾರಸಿಗೆ ಬರುವ ಗಳಿಗೆಯಲ್ಲಿಯೇ ತುಮಕೂರಿನಲ್ಲಿ ನಮ್ಮಮ್ಮನ ಅಂಗಳಕ್ಕೂ ಬರುತ್ತಾನೆ. ಹದಿನೈದು ವರ್ಷ ದಿಲ್ಲಿಯಲ್ಲಿದ್ದು ಊರು ದೂರ, ಊರು ದೂರ ಎಂದು ಹಲುಬುತ್ತಿದ್ದ ನನಗೆ ಈ ಒಂದು ಮಾತು ಕೊಟ್ಟ ಸಮಾಧಾನವನ್ನು ಏನೆಂದು ಹೇಳಲಿ!

ಮೇಷ್ಟ್ರು ಕೂಡಲೇ ಎರಟೋಸ್ತನೀಸನ ಕಥೆ ತೆಗೆದರು. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಆ ಗ್ರೀಕ್ ಪಂಡಿತನು ದಕ್ಷಿಣದ ಸಯೀನಿನಲ್ಲಿ ಸೂರ್ಯ ನೆತ್ತಿಯ ಮೇಲಿರುವ ದಿನ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳಳೆದು, ಎರಡು ಊರುಗಳ ಕೋನದ ಅಂತರದಿಂದ ಭೂಮಿಯ ಸುತ್ತಳತೆಯನ್ನೇ ಲೆಕ್ಕಹಾಕಿದ. ಬೇಕಾದದ್ದು ಎರಡು ಕೋಲು, ಎರಡು ಊರು, ಅವುಗಳ ನಡುವಣ ದೂರ. ದೂರಕ್ಕೆ ಭೂಪಟವಿತ್ತು: ಹಕ್ಕಿ ಹಾರಿದಂತೆ ಸುಮಾರು 1,690 ಕಿಲೋಮೀಟರು. ಆ ಭೂಪಟದ ಹಿಂದೆಯೂ ಲ್ಯಾಂಬ್‌ಟನ್ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಹಿಡಿದು ತೊಡಗಿದ ಮಹಾ ಮೋಜಣಿಯಿದೆ. ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ನಡೆದ ಆ ಅಳತೆ ನಮ್ಮ ರೇಖಾಂಶದ ಪಕ್ಕದಲ್ಲಿಯೇ, 78 ಡಿಗ್ರಿಯ ಆಸುಪಾಸಿನಲ್ಲಿ, ಹಾದುಹೋಯಿತು.

2025ರ ಮಾರ್ಚ್ 23, ಭಾನುವಾರ. ನೋಟುಬುಕ್ಕಿನ ಲೆಕ್ಕದಂತೆ ನೆರಳು ಅತಿ ಗಿಡ್ಡವಾಗಬೇಕಾದ ಹೊತ್ತು 12 ಗಂಟೆ 28 ನಿಮಿಷ. ಇಲ್ಲಿ ತಾರಸಿಯ ಮೇಲೆ ಒಂದು ಮೀಟರ್ ಕೋಲು. ಅದು ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ಗೋಡೆಗೆ ಇಳಿಬಿಡುವ ಗುಂಡು. ಅಲ್ಲಿ ಅಂಗಳದಲ್ಲಿ ಅದೇ ಅಳತೆಯ ಕೋಲು. ಗುಂಡಿನ ಬದಲು ದಾರಕ್ಕೆ ಕಟ್ಟಿದ ಬೀಗ. ಫೋನಿನಲ್ಲಿ ಅಮ್ಮನ ದನಿ: "ಏನೇ ಪುಟ್ಟಿ, ಈ ವಯಸ್ಸಲ್ಲಿ ನನ್ನ ಬಿಸಿಲಲ್ಲಿ ನಿಲ್ಲಿಸಿದ್ದೀಯಲ್ಲೇ! ಟೇಪು ಹಿಡಿದಿದೀನಿ, ಹೇಳು."

"ಅಜ್ಜಿ, ಇನ್ನು ಎರಡು ನಿಮಿಷ. ನೆರಳಿನ ತುದಿ ನೋಡ್ತಾ ಇರಿ. ಈಗ!"

"ಇಪ್ಪತ್ತೊಂದೂವರೆ ಕಣೇ. ಚಾಳೀಸು ಹಾಕ್ಕೊಂಡೇ ನೋಡಿದೀನಿ."

ಇಲ್ಲಿ 52 ಸೆಂಟಿಮೀಟರು. ಏಳನೆಯ ತರಗತಿಗೆ ತ್ರಿಕೋನಮಿತಿ ಬಾರದು. ಆದ್ದರಿಂದ ಕಾಗದದ ಮೇಲೆ ಅಳತೆಗೆ ಸರಿಯಾಗಿ ಎರಡು ತ್ರಿಕೋನಗಳನ್ನು ಬರೆದು ಕೋನಮಾಪಕ ಇಟ್ಟು ಓದಿದಳು. ಅಜ್ಜಿಯದು 12 ಡಿಗ್ರಿ, ಇಲ್ಲಿಯದು ಇಪ್ಪತ್ತೇಳೂವರೆ. ಅಂತರ ಹದಿನೈದೂವರೆ. ಹದಿನೈದೂವರೆ ಡಿಗ್ರಿಗೆ 1,690 ಕಿಲೋಮೀಟರಾದರೆ 360 ಡಿಗ್ರಿಗೆ? ಉತ್ತರ ಸುಮಾರು 39,250. ಪುಸ್ತಕದಲ್ಲಿ ಧ್ರುವಗಳನ್ನು ಹಾದು ಅಳೆದ ಸುತ್ತಳತೆ ಸುಮಾರು 40,008 ಎಂದಿದೆ. ನೂರಕ್ಕೆ ಎರಡರಷ್ಟು ಕಡಿಮೆ, ಅಷ್ಟೆ. ಒಂದು ಟೇಪು, ಒಂದು ಬೀಗ, ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು ಸೇರಿ ಭೂಗೋಳಕ್ಕೆ ನಡುಪಟ್ಟಿ ಅಳೆದರು. ಅಂದಿನಿಂದ ನಮ್ಮಮ್ಮ ತುಮಕೂರಿನ ಬೀದಿಯಲ್ಲಿ ಯಾರು ಸಿಕ್ಕಿದರೂ, "ನಾನೂ ನನ್ನ ಮೊಮ್ಮಗಳೂ ಭೂಮಿ ಅಳೆದ್ವಿ," ಎಂದು ಹೇಳುತ್ತಿದ್ದಾರಂತೆ. ಮಗಳು ವಿಜ್ಞಾನ ಬೇಡವೆಂಬ ಮಾತನ್ನು ಮತ್ತೆ ಎತ್ತಿಲ್ಲ. ಮುಂದೆ ಏನು ಓದುತ್ತಾಳೋ ಅವಳಿಗೆ ಬಿಟ್ಟದ್ದು. ಅಳೆದು ಕಂಡದ್ದನ್ನು ಯಾರು ತಪ್ಪೆಂದರೂ ನೋಟುಬುಕ್ಕು ಎಸೆಯಬಾರದೆಂಬುದನ್ನು ಕಲಿತಿದ್ದಾಳೆ. ನಮ್ಮಂಥ ಗುಮಾಸ್ತರ ಮನೆಗೆ ಅದು ದೊಡ್ಡ ಆಸ್ತಿ.

ನಮ್ಮ ಸಂಘದ ಮನೆಗಳಿಗೆ ನನ್ನದೊಂದು ಅರಿಕೆ. ಮಕ್ಕಳಿಗೆ ಮಾದರಿ ಕೊಳ್ಳುವ ದುಡ್ಡಿನಲ್ಲಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಒಂದು ಉಷ್ಣಮಾಪಕ, ಒಂದು ಅಳತೆಯ ಜಾಡಿ ತಂದಿಡಿ. ದಿಲ್ಲಿಯಿಂದ ಸುಮಾರು 200 ಕಿಲೋಮೀಟರು ಉತ್ತರದ ಅಂಬಾಲಾ ದಂಡುಪ್ರದೇಶವೇ ಇಂಥ ಸಾಮಾನುಗಳ ತವರು. ಇಲ್ಲಿನ ಅಂಗಡಿಗಳಲ್ಲಿಯೂ ಕೇಳಿದರೆ ತರಿಸಿಕೊಡುತ್ತಾರೆ. ಕೋಲು ಮತ್ತು ದಾರ ಎಲ್ಲರ ಮನೆಯಲ್ಲಿಯೂ ಇವೆ. ಬರುವ ಸೆಪ್ಟೆಂಬರ್ 23ರ ಸುಮಾರಿಗೆ ಹಗಲಿರುಳು ಸಮವಾದಾಗ, ಬಿಡುವಿನ ದಿನವೊಂದನ್ನು ಗೊತ್ತುಮಾಡಿ, ನೀವಿರುವಲ್ಲಿ ಒಂದು ಮೀಟರ್ ಕೋಲು ನೆಟ್ಟು ನಡುಹಗಲಿನ ನೆರಳಳೆಯಿರಿ. ಊರಿನಲ್ಲಿರುವ ಹಿರಿಯರಿಂದಲೂ ಅಳೆಯಿಸಿರಿ. ನಿಮ್ಮ ಊರು ಮಂಗಳೂರೋ ಧಾರವಾಡವೋ ಬೀದರವೋ ಆಗಿದ್ದು ರೇಖಾಂಶ ಬೇರೆಯಾದರೂ ಬಾಧಕವಿಲ್ಲ. ಅವರವರ ಅಂಗಳದಲ್ಲಿ ನೆರಳು ಅತಿ ಗಿಡ್ಡವಾಗುವ ಗಳಿಗೆಗೆ ಕಾದು ಅಳೆದರೆ ಸಾಕು. ನಡುವಣ ದೂರಕ್ಕೆ ಮಾತ್ರ ಭೂಪಟದಲ್ಲಿ ನೇರ ಉತ್ತರ ದಕ್ಷಿಣವಾಗಿ ಸ್ಕೇಲು ಇಡಬೇಕು. ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಸಂಪಾದಕರ ವಿಳಾಸಕ್ಕೆ ಬರೆದು ಕಳಿಸಿದರೆ ಮೇಷ್ಟ್ರೂ ಮಗಳೂ ಲೆಕ್ಕ ಮಾಡಿಕೊಡಲು ಒಪ್ಪಿದ್ದಾರೆ. ಅಜ್ಜಿಯಂದಿರು ಚಾಳೀಸು ಮರೆಯದಿರಲಿ.